ನೀಲಿ ಅಳಿದ ತೋಳು

ನಮ್ಮ ಓಣಿಯಲ್ಲಿ ಅಕೀಲಾ ಖಾಲಾ ಅವರ ಮನೆಯ ಚಾವಣಿ ಎಲ್ಲಕ್ಕಿಂತ ಎತ್ತರ. ಅಲ್ಲಿ ನಿಂತರೆ ಗೋಮತಿ ಹೊಳೆಯ ದಡದಲ್ಲಿ ಅಗಸರು ಒಣಹಾಕಿದ ಬಿಳಿ ಬಟ್ಟೆಗಳು ಕಾಣುತ್ತವೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿದರೆ, ಹೊಳೆಯೇ ಎದ್ದು ಬಂದು ಮರಳಿನ ಮೇಲೆ ಮಲಗಿದಂತೆ ತೋರುತ್ತದೆ.

ಅವುಗಳಲ್ಲಿ ಎಷ್ಟೋ ಬಟ್ಟೆಗಳು ಖಾಲಾ ಅವರ ಬೆರಳು ದಾಟಿ ಹೋದವು. ಅಚ್ಚಿನವನು ಮರದ ಅಚ್ಚಿನಿಂದ ಬಟ್ಟೆಯ ಮೇಲೆ ನೀಲಿ ಬಳ್ಳಿಗಳನ್ನು ಒತ್ತಿ ಕಳಿಸುತ್ತಾನೆ. ಖಾಲಾ ಆ ಗೆರೆಯ ಮೇಲೆ ಬಿಳಿ ದಾರ ನಡೆಸುತ್ತಾರೆ. ಆಮೇಲೆ ಅಗಸ ಒಗೆದರೆ ನೀಲಿಯೆಲ್ಲ ನೀರಿಗೆ ಹೋಗಿ ಹೂವಷ್ಟೇ ಉಳಿಯುತ್ತದೆ. ಮಲಿಹಾಬಾದಿನಿಂದ ಮದುವೆಯಾಗಿ ಬಂದು, ಬೇಗನೆ ಗಂಡನನ್ನು ಕಳೆದುಕೊಂಡು, ತೀರಿಹೋದ ತಂಗಿಯ ಮಗಳು ನಿಖತ್‌ಳನ್ನು ಅವರು ಸಾಕಿದ್ದೆಲ್ಲ ಆ ನೀಲಿ ಗೆರೆಯನ್ನು ನಂಬಿಯೇ. ಯಾರ್ಯಾರದೋ ಹಬ್ಬಕ್ಕೆ ಕಸೂತಿ ಹಾಕಿದರು. ಅವರ ಮನೆಯಲ್ಲಿ ಮಾತ್ರ ಅಂಥ ಉಡುಪು ಒಂದೂ ಇರಲಿಲ್ಲ.

ಈ ಸಲ ಇತ್ತು. ಪಿಸ್ತಾ ಬಣ್ಣದ ತೆಳು ಮಲ್‌ಮಲ್ಲಿನ ಸಲ್ವಾರ್ ಕಮೀಜ್. ನಿಖತ್‌ಗೆ ಬಾರಾಬಂಕಿಯಲ್ಲಿ ಗಂಡು ಗೊತ್ತಾಗಿತ್ತು. ಈದ್ ದಿನ ಅತ್ತೆಯಾಗುವವರು ಹಬ್ಬದ ಉಡುಗೊರೆ ಹಿಡಿದು ಬರುವರು. ತಾಯಿಯಿಲ್ಲದ ಹುಡುಗಿಗೆ ಕೈಯಾರೆ ಮಾಡಿಕೊಡುವವರಿಲ್ಲ ಎಂದು ಅವರಿಗೆ ಅನ್ನಿಸಬಾರದು. ಕಸೂತಿಗೆ ಬಟ್ಟೆ ಕೊಡುವ ವ್ಯಾಪಾರಿಯ ಕೆಲಸ ಮುಗಿಸಿ ಉಳಿದ ಬೆಳಕಿನಲ್ಲಿ ಖಾಲಾ ಚಳಿಗಾಲವಿಡೀ ಸೂಜಿ ಆಡಿಸಿದರು. ಎದೆಗೆ ಬಳ್ಳಿ, ಸಲ್ವಾರಿನ ಕಾಲಂಚಿಗೆ ಎಲೆ, ದುಪಟ್ಟಾದ ತುಂಬ ಅಕ್ಕಿಕಾಳಿನಂಥ ಮೊಗ್ಗು. ಎಡತೋಳೊಂದು ಉಳಿದಿತ್ತು.

ಉಪವಾಸದ ಒಂದು ಮಧ್ಯಾಹ್ನ ಖಾಲಾ ತೂಕಡಿಸುತ್ತಿದ್ದಾಗ ಅಗಸ ಬುಧಾಯಿ ಬಂದ. ಖಾಲಾಗೊಂದು ಕೆಲಸ ತಪ್ಪಿಸೋಣವೆಂದು ನಿಖತ್, ಮುಗಿದ ಬಟ್ಟೆಗಳ ಜೊತೆ ಮಡಿಸಿಟ್ಟಿದ್ದ ಪಿಸ್ತಾ ಜೋಡಿಯನ್ನೂ ಕೊಟ್ಟುಬಿಟ್ಟಳು. ಒಗೆದು ಬಂದ ಕಮೀಜನ್ನು ಬಿಡಿಸಿದರೆ ಎಡತೋಳು ಬರಿದು. ನೀಲಿಯ ಒಂದು ಚುಕ್ಕೆಯೂ ಇಲ್ಲ.

“ಏನೋ ಬುಧಾಯಿ, ಕಸೂತಿ ಇಲ್ದಿರೋ ತೋಳು ನಿನ್ನ ಕಣ್ಣಿಗೆ ಬೀಳ್ಲಿಲ್ವಾ?”

“ಬಿತ್ತು ಖಾಲಾ. ಈಗಿನ ಹುಡುಗೀರ ಫ್ಯಾಶನ್ ಇರ್ಬೇಕು ಅಂದ್ಕೊಂಡೆ. ಮೊನ್ನೆ ಒಂದು ಕುರ್ತಾ ಬಂದಿತ್ತು, ಅದಕ್ಕೆ ಭುಜಾನೇ ಇರ್ಲಿಲ್ಲ!”

“ಮೊದ್ಲು ನಿನ್ನ ತಲೆ ಒಗೀಬೇಕು.”

ನಿಖತ್ ಅಳತೊಡಗಿದಳು. “ಎಲ್ಲಾ ನನ್ನಿಂದ್ಲೇ. ನಾನು ಹಳೇ ಗುಲಾಬಿ ಜೋಡೀನೇ ಹಾಕ್ಕೋತೀನಿ ಖಾಲಾ.”

“ಸುಮ್ನಿರೇ. ಅತ್ರೆ ನೀಲಿ ವಾಪಸ್ ಬರತ್ತಾ?”

ಅಚ್ಚಿನವನು ಅಂಗಡಿಗೆ ಬೀಗ ಹಾಕಿ ಹಬ್ಬಕ್ಕೆ ಊರಿಗೆ ಹೋಗಿದ್ದ. “ಬಲತೋಳು ನೋಡ್ಕೊಂಡೇ ಹಾಕಿ,” ಎಂದೆ ನಾನು. ಹಾಗೆಯೇ ಹಾಕಿದರು. ಹೂ ವಾಲಿತು, ಬಳ್ಳಿ ಮೊಣಕೈ ಮುಟ್ಟುವ ಮೊದಲೇ ಅಡ್ಡದಾರಿ ಹಿಡಿಯಿತು. ಎಲ್ಲವನ್ನೂ ಬಿಚ್ಚಿದರು. ಓಣಿಯ ಶಾಲೆಯಲ್ಲಿ ಕಲಿಸಿದ ನನ್ನನ್ನು ಅವರು ಕರೆಯುವುದು ಉಸ್ತಾನೀಜಿ ಎಂದೇ. “ಈ ಬೆರಳಿಗೆ ಗೆರೆ ಬೇಕು ಉಸ್ತಾನೀಜಿ. ಇಷ್ಟು ವರ್ಷ ಯಾರೋ ಬರೆದದ್ದರ ಮೇಲೇ ನಡೆದಿದೆ.”

ಮರುದಿನ ಬರಿತೋಳನ್ನು ಮಡಿಲಲ್ಲಿ ಹರಡಿಕೊಂಡೇ ಅವರಿಗೆ ಜೊಂಪು ಹತ್ತಿತಂತೆ. ಆಮೇಲೆ ಅವರೇ ಹೇಳಿದ್ದು. ಜೊಂಪಿನಲ್ಲಿ ಮಲಿಹಾಬಾದಿನ ಮಾವಿನ ತೋಪು. ಅಮ್ಮ ಮರದಡಿ ಕುಳಿತು ಬೇಳೆ ಆರಿಸುತ್ತಿದ್ದಾಳೆ. ಗಾಳಿ ಬೀಸಿದಾಗಲೆಲ್ಲ ಮಾವಿನ ಹೂ ಅವಳ ದುಪಟ್ಟಾದ ಮೇಲೆ ಸದ್ದಿಲ್ಲದೆ ಉದುರುತ್ತಿದೆ, ಕೆಲವು ಒತ್ತಾಗಿ, ಕೆಲವು ದೂರ ದೂರ. ಅಮ್ಮ ಕೊಡವುವುದಿಲ್ಲ.

ನಾನು ಮೇಲೆ ಹೋದಾಗ ಖಾಲಾ ಸೂಜಿಗೆ ದಾರ ಪೋಣಿಸುತ್ತಿದ್ದರು. ಬಲತೋಳನ್ನು ಒಳಮಡಿಕೆಗೆ ಸರಿಸಿದ್ದರು, ಅದರ ಕಡೆಗೆ ನೋಡಲೂ ಇಲ್ಲ. ರಾಗಿಕಾಳಿನಷ್ಟು ಬಿಳಿ ಗಂಟುಗಳು ಭುಜದಲ್ಲಿ ಒತ್ತೊತ್ತಾಗಿ, ಇಳಿಯುತ್ತ ಇಳಿಯುತ್ತ ಚದುರಿ, ಮಣಿಕಟ್ಟಿನ ಬಳಿ ಗಾಳಿಗೆ ಸಿಕ್ಕಂತೆ ಒಂದೊಂದೇ ಬಿದ್ದವು.

ಈದ್ ದಿನ ಅತ್ತೆಯಾಗುವವರು ಬಂದರು. ಶಾವಿಗೆಯ ಬಟ್ಟಲನ್ನು ಕೆಳಗಿಟ್ಟು ಕನ್ನಡಕ ಸರಿಮಾಡಿಕೊಂಡರು.

“ಅರೆ ಬೇಟಿ, ಎರಡು ತೋಳೂ ಬೇರೆ ಬೇರೆ ಇದೆಯಲ್ಲ?”

ಬಡಿಸುತ್ತಿದ್ದ ಖಾಲಾ ಅವರ ಕೈ ನಿಂತಿತು.

ನಿಖತ್ ಬಲಗೈ ಚಾಚಿದಳು. “ಇದು ಅಚ್ಚಿನವನ ಹೂವು.” ಎಡಗೈ ಚಾಚಿದಳು. “ಇದು ನಮ್ಮ ಖಾಲಾದು.”

ಅತ್ತೆಯಾಗುವವರು ಎಡತೋಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮೈಮೇಲೆ ಬಿದ್ದ ಹೂವನ್ನು ತೆಗೆಯುವಂತೆ ಒಂದು ಗಂಟನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದರು.

“ಮದುವೆ ದುಪಟ್ಟಾಗೆ ಬಟ್ಟೆ ನಾವು ಕಳಿಸ್ತೀವಿ ಆಪಾ. ಅಚ್ಚು ಹಾಕಿಸ್ಬೇಡಿ.”

“ಅಯ್ಯೋ, ಅಷ್ಟರಲ್ಲಿ ಮುಗೀಬೇಕಲ್ಲ!”

“ಮುಗೀದಿದ್ರೆ ಮದುವೇನೇ ಮುಂದೆ ಹಾಕೋಣ.”

“ನಾನೂ ಸೂಜಿ ಹಿಡೀತೀನಿ!” ಎಂದು ನಿಖತ್ ಥಟ್ಟನೆ ಅಂದಳು. ಮನೆಯೆಲ್ಲ ನಕ್ಕಿತು.

ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಚಾವಣಿ ಹತ್ತಿದೆ. ಖಾಲಾ ಅವರ ಮಡಿಲ ತುಂಬ ಬಾರಾಬಂಕಿಯಿಂದ ಬಂದ ಕೆಂಪು ಬಟ್ಟೆ. ಅದರ ಮೇಲೆ ಒಂದು ಗೆರೆಯೂ ಇರಲಿಲ್ಲ. ಸೂಜಿಯನ್ನು ಕಮೀಜಿನ ತೋಳಿಗೆ ಸಿಕ್ಕಿಸಿಕೊಂಡು, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದರು. ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದೆ.