ಬಾಣಂತಿಯ ತಲೆಗೆ ಬಿಸಿನೀರು

ಶಾರದೆ ಬಚ್ಚಲಲ್ಲಿ ಬಿದ್ದಳು.

ಸುದ್ದಿ ನನಗೆ ಮುಟ್ಟಿದಾಗ ನಾನು ಅಂಜನಾಪುರದಲ್ಲಿದ್ದೆ. ನಾಲೆಗೆ ನೀರು ಬಿಡುವ ವಿಚಾರವಾಗಿ ರೈತರ ಸಭೆ ಸೇರಿತ್ತು. ಅದನ್ನು ಬರೆದು ಪತ್ರಿಕೆಗೆ ಕಳಿಸುವುದು ನನ್ನ ಕೆಲಸ. ಶಾರದೆ ನನ್ನ ಹೆಂಡತಿ; ಹೆರಿಗೆಗೆಂದು ಆನವಟ್ಟಿ ಹತ್ತಿರದ ತವರಿನಲ್ಲಿದ್ದಳು. ಹೆಣ್ಣು ಕೂಸು ಹುಟ್ಟಿತ್ತು, ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ. ಶಿಕಾರಿಪುರಕ್ಕೆ ಬಂದು ಬಸ್ಸು ಹಿಡಿದು ನಾನು ಆ ಮನೆ ತಲುಪುವಷ್ಟರಲ್ಲಿ ಅವಳು ಎದ್ದು ಕೂತಿದ್ದಳು. ಹಲ್ಲು ಕಚ್ಚಿ ನಾಲಿಗೆಯ ಅಂಚು ಊದಿತ್ತು. ನನ್ನನ್ನು ನೋಡಿ ನಗಲು ಪ್ರಯತ್ನಿಸಿದಳು.

"ಕೂಸು ಎಲ್ಲಿ ರೀ?"

ಕೂಸು ಒಳಕೋಣೆಯಲ್ಲಿ ಅತ್ತೆಯ ಮಡಿಲಲ್ಲಿತ್ತು. ಅದನ್ನು ಅವಳ ಕೈಗೆ ಕೊಡಬಾರದೆಂದು ಮನೆಯವರು ಆಗಲೇ ತೀರ್ಮಾನಿಸಿದ್ದರು.

ಬಿದ್ದದ್ದನ್ನು ಕಂಡವರು ಇಬ್ಬರು: ಅತ್ತೆ ಮತ್ತು ಅತ್ತೆಯ ಅಕ್ಕ. ಈ ಅಕ್ಕನನ್ನು ಮನೆಯವರೆಲ್ಲ ದೊಡ್ಡಮ್ಮ ಎನ್ನುತ್ತಾರೆ. ಅಭ್ಯಾಸ ಬಲದಿಂದ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಇಬ್ಬರ ಹೇಳಿಕೆಯೂ ಒಂದೇ. ಕಣ್ಣು ಮೇಲಕ್ಕೆ ಹೋಯಿತು. ಕೈಕಾಲು ಸೆಟೆದು ಅದುರಿದವು. ಬಾಯಲ್ಲಿ ನೊರೆ ಬಂತು.

"ಸನ್ನಿ," ಎಂದರು ದೊಡ್ಡಮ್ಮ. "ಬಾಣಂತಿ ಮೈಗೆ ಥಂಡಿ ಹೊಕ್ಕಿದೆ. ನಾಳೆಯಿಂದ ನೀರು ಇನ್ನೂ ಬಿಸಿ ಇರ್ಲಿ ತಂಗಿ. ಥಂಡಿ ಎಲ್ಲಿ ಕೂತಿರ್ತದೆ, ನೋಡೇ ಬಿಡಾನ."

"ಡಾಕ್ಟರಿಗೆ ತೋರಿಸೋಣ," ಎಂದೆ.

"ಪೇಪರಿನೋರಿಗೆ ಬಾಣಂತನ ಎಂತ ಗೊತ್ತು? ನೀವೇನು ಹೆತ್ತಿದ್ರಾ?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೂ ನಗು ಬಂತು.

ಅತ್ತೆ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುತ್ತಿದ್ದರು. ಹಂಡೆಗೆ ಲಕ್ಕಿ ಸೊಪ್ಪು ಹಾಕಿ ನೀರು ಕುದಿಸುತ್ತಿದ್ದರು. ಊದಿ ಊದಿ ಕಣ್ಣು ಕೆಂಪಾಗುತ್ತಿತ್ತು. ಮಗಳ ತಲೆಗೆ ಎಣ್ಣೆ ಒತ್ತಿ, ಚರ್ಮ ತಡೆಯುವಷ್ಟು ಬಿಸಿಯಿರುವ ನೀರನ್ನು ದೊಡ್ಡ ಚೊಂಬಿನಿಂದ ಒಂದರ ಹಿಂದೊಂದು ನೆತ್ತಿಗೆ ಹೊಯ್ಯುತ್ತಿದ್ದರು. ಹೆತ್ತ ಮೈಯ ನೋವು ಆ ಬಿಸಿಗೆ ಇಳಿಯುತ್ತದೆಂದು ಅವರ ನಂಬಿಕೆ. ಅವರ ತಾಯಿಯೂ ಅವರಿಗೆ ಹಾಗೆಯೇ ಮಾಡಿದ್ದರು.

ಮರುದಿನ ನೀರು ಇನ್ನಷ್ಟು ಬಿಸಿಯಾಗಿತ್ತು.

ಶಾರದೆ ಮತ್ತೆ ಬಿದ್ದಳು.

ಆಮೇಲೆ ಇನ್ನೂ ಒಂದು ಸಲ. ಪ್ರತಿ ಸಲವೂ ಮದ್ದು ಅದೇ: ಮತ್ತಷ್ಟು ಶಾಖ. ಹಾಲುಣಿಸುವ ಹೊತ್ತಿಗೆ ಮಾತ್ರ ಕೂಸನ್ನು ಅವಳ ಬಳಿ ತರುತ್ತಿದ್ದರು. ಆಗಲೂ ಅತ್ತೆ ಒಂದು ಪಕ್ಕ, ದೊಡ್ಡಮ್ಮ ಇನ್ನೊಂದು ಪಕ್ಕ. ಕೂಸಿನ ತಲೆ ಅತ್ತೆಯ ಅಂಗೈಯಲ್ಲೇ ಇರುತ್ತಿತ್ತು. ತಾಯಿಯ ಪಾಲಿಗೆ ಬರುತ್ತಿದ್ದದ್ದು ಮಗುವಿನ ಬಾಯಿ ಮಾತ್ರ. ಒಮ್ಮೆ ಶಾರದೆ ಅದರ ಕಾಲು ಹಿಡಿಯಲು ಕೈ ಚಾಚಿದಳು. "ಬೇಡ ಮಗಾ," ಎಂದರು ಅತ್ತೆ. ಗದರಲಿಲ್ಲ. ಮೆಲ್ಲಗೆ ಹೇಳಿದರು. ಅದೇ ಕೇಳಲಾಗದ್ದು.

ಸೊರಬದ ಡಾಕ್ಟರು ಕಾಲು ಒತ್ತಿ ನೋಡಿದರು. ಬಾವು ಇಲ್ಲ. ಬ್ಲಡ್ ಪ್ರೆಶರ್ ಸರಿ ಇದೆ. ಹೆರಿಗೆಯಿಂದ ಬರುವ ಫಿಟ್ಸ್ ಇದಲ್ಲ ಎಂದರು. ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿನಲ್ಲಿ ಮೆದುಳಿನ ರಿಸರ್ಚ್ ಮಾಡುವ ಹೊಸ ವಿಭಾಗವಿದೆ, ಅಲ್ಲಿಗೆ ಹೋಗಿ ಎಂದರು. ಬಾಣಂತಿ ಹೊಸಿಲು ದಾಟುವುದೆಂದರೇನು ಎಂದು ದೊಡ್ಡಮ್ಮ ಕೂಗಾಡಿದರು. ಅತ್ತೆ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ನಮಗಿಂತ ಮೊದಲು ಕೂತಿದ್ದರು. ಶಿವಮೊಗ್ಗದಿಂದ ಮುಂದಕ್ಕೆ ರೈಲು.

ಅಲ್ಲಿನ ಡಾಕ್ಟರು ನಡುವಯಸ್ಸಿನವರು, ನಿಧಾನದ ಮಾತಿನವರು. ಏನಾಯಿತು ಎಂದು ಕೇಳಿದರು. ನಾನು ಬಿದ್ದಲ್ಲಿಂದ ಶುರುಮಾಡಿ ಹೇಳಿದೆ.

"ಅದಕ್ಕೆ ಮುಂಚೆ?"

ಮತ್ತೆ ಹೇಳಿದೆ. ಅವರು ಮತ್ತೆ ಅದನ್ನೇ ಕೇಳಿದರು. ಸುದ್ದಿ ಬರೆಯುವ ನಾವು ದೊಡ್ಡ ಸಂಗತಿಯನ್ನು ಮೊದಲ ಸಾಲಿನಲ್ಲಿಟ್ಟು ಉಳಿದದ್ದನ್ನು ಕೆಳಗೆ ತಳ್ಳುತ್ತೇವೆ. ಜಾಗ ಸಾಲದಿದ್ದರೆ ಕೆಳಗಿನದನ್ನು ಕತ್ತರಿಸುತ್ತಾರೆ. ಈ ಮನುಷ್ಯನಿಗೆ ಬೇಕಾಗಿದ್ದದ್ದು ಆ ಕತ್ತರಿಸುವ ಭಾಗವೇ.

"ನಾನು ನೀರು ಹೊಯ್ತಿದ್ದೆ," ಎಂದರು ಅತ್ತೆ.

"ಪ್ರತಿ ಸಲವೂ?"

"ಹೂಂ ಮತ್ತೆ. ಬಾಣಂತಿ ಅಲ್ವಾ?"

"ಇವರು ಚಿಕ್ಕವರಿದ್ದಾಗ, ತಲೆಸ್ನಾನ ಮಾಡಿಸುವಾಗ ಹೇಗಿರುತ್ತಿದ್ದರು?"

ಅತ್ತೆಯ ಮುಖ ಅರಳಿತು. "ಇವಳಿಗೆ ಬಿಸಿನೀರು ಅಂದ್ರೆ ಪ್ರಾಣ, ಡಾಕ್ಟ್ರೇ. ನೆತ್ತಿ ಮೇಲೆ ಹೊಯ್ತಿದ್ರೆ ಸುಮ್ನೆ ನಗ್ತಾ ಕೂರೋಳು. ಎಷ್ಟ್ ಕೂಗಿದ್ರೂ ಓ ಅನ್ನೋಳಲ್ಲ. 'ಗಂಡು ಹುಡುಕೋದ್ ಬೇಡ, ಹಂಡೆಗೇ ಕೊಟ್ಟು ಮದುವೆ ಮಾಡಾನ' ಅಂತಿದ್ವಿ."

ಡಾಕ್ಟರು ನಗಲಿಲ್ಲ. ಶಾರದೆ ತಲೆ ತಗ್ಗಿಸಿಕೊಂಡೇ ಹೇಳಿದಳು:

"ನೀನು ಕೂಗಿದ್ದು ನಂಗೆ ಕೇಳಿಸ್ತಾನೇ ಇರ್ಲಿಲ್ಲ ಅವ್ವಾ."

ಇಂಥ ಕಾಯಿಲೆ ತಾವು ನೋಡಿದ್ದು ಕಡಿಮೆ, ಇದು ಎಪಿಲೆಪ್ಸಿ, ಅಂದರೆ ಮೂರ್ಛೆರೋಗದ ಒಂದು ಬಗೆಯಿರಬಹುದು, ಖಚಿತಪಡಿಸಿಕೊಳ್ಳಬೇಕೆಂದರೆ ನೀರು ಹೊಯ್ದೇ ನೋಡಬೇಕು ಎಂದು ಡಾಕ್ಟರು ಹೇಳಿದರು. ಬೇಡವೆನ್ನುವ ಹಕ್ಕು ನಿಮಗಿದೆ ಎಂದೂ ಅವಳಿಗೇ ಹೇಳಿದರು.

"ನನ್ನ ಕೂಸನ್ನ ನನ್ನ ಕೈಗೆ ಕೊಡ್ಬಹುದೋ ಬೇಡ್ವೋ, ಅದು ಗೊತ್ತಾಗ್ತದಾ?"

"ಗೊತ್ತಾಗಬಹುದು."

"ಹಂಗಾದ್ರೆ ಹೊಯ್ಯಿರಿ."

ಅವಳ ತಲೆಗೆ ಸಣ್ಣ ಸಣ್ಣ ತಂತಿಗಳನ್ನು ಅಂಟಿಸಿದರು. ಮೆದುಳಿನ ವಿದ್ಯುತ್ತನ್ನು ಅಳೆಯುವ ಇಇಜಿ ಯಂತ್ರ ಗೋಡೆಯಾಚೆ, ತೆರೆದ ಬಾಗಿಲಲ್ಲಿ ಕಾಣುವಂತೆ ಇತ್ತು. ಸುರುಳಿ ಕಾಗದದ ಮೇಲೆ ಅದರ ಪೆನ್ನುಗಳು ಸಣ್ಣ ಅಲೆಗಳನ್ನು ಬರೆಯುತ್ತಿದ್ದವು. ನರ್ಸ್ ತಣ್ಣೀರು ಹಾಕಿದಳು. ಏನೂ ಆಗಲಿಲ್ಲ. ಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿದಳು. ಆಗಲೂ ಇಲ್ಲ.

ಅತ್ತೆಗೆ ತಡೆಯಲಾಗಲಿಲ್ಲ. "ಇದು ನೀರು ಹೊಯ್ಯೋದಲ್ಲ ಮಾರಾಯ್ತಿ. ತುಳಸಿ ಗಿಡಕ್ಕೆ ಚಿಮುಕಿಸೋದು."

"ಹಾಗಾದರೆ ನೀವೇ ಹೊಯ್ಯಿರಮ್ಮ," ಎಂದರು ಡಾಕ್ಟರು. "ಮನೆಯಲ್ಲಿ ಹೇಗೋ ಹಾಗೆ."

ಅತ್ತೆ ಸೆರಗು ಸಿಕ್ಕಿಸಿಕೊಂಡರು. ನೀರಿಗೆ ಬೆರಳದ್ದಿ ನೋಡಿ, ಇನ್ನಷ್ಟು ಬಿಸಿ ಬೆರೆಸಲು ಹೇಳಿದರು. ಮಗಳ ಹಣೆಗೆ ಎಡಗೈ ಅಡ್ಡವಿಟ್ಟರು, ಕಣ್ಣಿಗೆ ನೀರು ಹೋಗದಂತೆ. ಹೊಯ್ದರು. ಮತ್ತೆ ಹೊಯ್ದರು.

ಶಾರದೆ ನಕ್ಕಳು.

ಯಾರೂ ಏನೂ ಹೇಳಿರಲಿಲ್ಲ. ಕಣ್ಣು ಎಲ್ಲೋ ನೆಟ್ಟಿತ್ತು. ತುಟಿ ಚಪ್ಪರಿಸಿದಂತೆ ಆಡಿತು. "ಸಾಕು, ನಿಲ್ಲಿಸಿ," ಎಂದು ಆಚೆಯಿಂದ ಡಾಕ್ಟರು ಕೂಗಿದರು. ನರ್ಸ್ ಒದ್ದೆ ತಲೆಯನ್ನು ತಣ್ಣನೆಯ ಬಟ್ಟೆಯಿಂದ ಒರೆಸಿದಳು. ಈ ಸಲ ಶಾರದೆ ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ ನಮ್ಮ ಕಡೆ ತಿರುಗಿದಳು. ಕಾಗದದ ಮೇಲಿನ ಗೀಟುಗಳನ್ನು ನಾನು ನೋಡಿದೆ. ನೀರು ಬಿದ್ದದ್ದರಿಂದಾದ ಅದುರು ಯಾವುದು, ಮೆದುಳಿನದು ಯಾವುದು ಎಂದು ಡಾಕ್ಟರು ತೋರಿಸಿದರು. ನನಗೆ ಕಂಡದ್ದು ಒಂದೇ: ಚಿಕ್ಕ ಅಲೆಗಳ ನಡುವೆ ಎದ್ದ ಮುಳ್ಳುಬೇಲಿಯಂಥ ಸಾಲು.

ಅತ್ತೆ ಅಲ್ಲೇ ನಿಂತಿದ್ದರು. ಚೊಂಬು ಕೈಯಲ್ಲೇ ಇತ್ತು.

"ಇದೇ ನಗು," ಎಂದರು. "ಸಣ್ಣೋಳಿದ್ದಾಗ ಇದೇ ನಗು."

ಆಮೇಲೆ: "ನಾನೇ ಹೊಯ್ದೆ. ಬಿದ್ದಷ್ಟೂ ಹೊಯ್ದೆ."

ಶಾರದೆ ಒದ್ದೆ ಕೈಯಿಂದ ತಾಯಿಯ ಮಣಿಕಟ್ಟು ಹಿಡಿದಳು. "ನೀನಲ್ದೆ ಇನ್ಯಾರವ್ವಾ ಹೊಯ್ತಾರೆ? ದೊಡ್ಡಮ್ಮ ಆಗಿದ್ರೆ ಹಂಡೆ ಸಮೇತ ಸುರಿಯೋಳು."

ಅತ್ತೆ ನಗುತ್ತ ಅತ್ತರು. ಅಳುತ್ತ ನಕ್ಕರೋ, ಸರಿಯಾಗಿ ಹೇಳಲಾರೆ.

"ಇದು ಸನ್ನಿಯಲ್ಲ, ಗಾಳಿಯಲ್ಲ, ಯಾರ ತಪ್ಪೂ ಅಲ್ಲ," ಎಂದರು ಡಾಕ್ಟರು. "ನೆತ್ತಿಯ ಮೇಲೆ ಬಿಸಿನೀರು ಬಿದ್ದರೆ ಇವರ ಮೆದುಳು ತಡೆದುಕೊಳ್ಳುವುದಿಲ್ಲ. ಯಾಕೆಂದು ನನಗೂ ತಿಳಿಯದು. ಅದನ್ನು ಹುಡುಕುವುದಕ್ಕೇ ನಾವಿರುವುದು." ಸ್ನಾನ ಕುತ್ತಿಗೆಯಿಂದ ಕೆಳಗೆ. ತಲೆಗೆ ಉಗುರುಬೆಚ್ಚಗಿನ ಒದ್ದೆ ಬಟ್ಟೆ. ಫಿನೋಬಾರ್ಬಿಟೋನ್ ಮಾತ್ರೆ ತಪ್ಪಿಸಬಾರದು. ಮಾತ್ರೆ ಎದೆಹಾಲಿಗೂ ಇಳಿಯುತ್ತದೆ, ಕೂಸು ಹೆಚ್ಚು ತೂಕಡಿಸಿದರೆ ತಿಳಿಸಬೇಕು. ಒಲೆ, ಬಾವಿಯ ಹತ್ತಿರ ಮಗುವನ್ನು ಎತ್ತಿಕೊಂಡು ಹೋಗಬಾರದು. "ನೆಲದ ಮೇಲೆ ಕೂತು ಎತ್ತಿಕೊಳ್ಳಿ," ಎಂದರು. "ಎತ್ತಿಕೊಳ್ಳಲೇಬೇಕು."

ಊರಿಗೆ ಬಂದ ಮೇಲೆ ದೊಡ್ಡಮ್ಮ ಒಪ್ಪಲಿಲ್ಲ. ಬಾಣಂತಿಯ ತಲೆಗೆ ಒದ್ದೆ ಬಟ್ಟೆಯೆಂದರೆ ಅವರಿಗೆ ಕೊಲೆಗೆ ಸಮ.

"ಅಕ್ಕಾ, ಇನ್ಮೇಲೆ ಬಚ್ಚಲು ನಂದು," ಎಂದರು ಅತ್ತೆ. ಅಕ್ಕನಿಗೆ ಅವರು ಎದುರಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಕಾಯಿಲೆ ಹೋಯಿತೆಂದು ಬರೆಯಲಾರೆ. ಮಾತ್ರೆಯಿಂದ ಅವಳಿಗೆ ಮಂಪರು. ಒಮ್ಮೆ ಒದ್ದೆ ಬಟ್ಟೆಗೇ ಕಣ್ಣು ತೇಲಿದಂತಾಯಿತು, ಬೀಳಲಿಲ್ಲ. ಅತ್ತೆಗೂ ಅಂಗೈಯನ್ನು ಕೂಸಿನ ತಲೆಯಡಿಯಿಂದ ತೆಗೆಯುವುದು ಸುಲಭವಾಗಲಿಲ್ಲ. ಡಾಕ್ಟರ ಮಾತನ್ನು ಮನಸ್ಸು ಒಪ್ಪಿತ್ತು. ಕೈ ಒಪ್ಪಿರಲಿಲ್ಲ.

ಮೊನ್ನೆ ಬೆಳಿಗ್ಗೆ ಶಾರದೆ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಅತ್ತೆ ಕೂಸನ್ನು ತಂದು ಅವಳ ಮಡಿಲಲ್ಲಿಟ್ಟರು. ಒಂದು ಗಳಿಗೆ ಬಗ್ಗಿಯೇ ಇದ್ದರು.

"ಹಿಡ್ಕ ಮಗಾ. ಹಿತ್ತಲಿಂದ ಸೌದೆ ತರ್ತೀನಿ."

ಒಲೆಯ ಪಕ್ಕದಲ್ಲಿ ಸೌದೆ ಬೇಕಾದಷ್ಟಿತ್ತು. ಅವರು ಹೋದರು. ಕಿಟಕಿಯಿಂದ ನನಗೆ ಅವರ ಬೆನ್ನು ಕಾಣುತ್ತಿತ್ತು. ಹಿತ್ತಲಲ್ಲಿ ಸುಮ್ಮನೆ ನಿಂತಿದ್ದರು, ತಿರುಗಿ ನೋಡಲಿಲ್ಲ. ನಾನೂ ಎದ್ದು ಜಗುಲಿಗೆ ಬಂದೆ. ಒಳಗೆ ಶಾರದೆ ಮಗಳೊಂದಿಗೆ ಏನೋ ಮಾತಾಡುತ್ತಿದ್ದಳು.