ಸಿಂಧನೂರಿನ ಮಾನಿಟರ್, ಲಿಂಗಸುಗೂರಿನ ಮಾನಿಟರ್

ಒಂದೇ ಥರದ ಎರಡು ವಸ್ತುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಹೊತ್ತಿನಲ್ಲಿಯೇ ಮನುಷ್ಯನ ವಿವೇಕದ ನಿಜವಾದ ಪರೀಕ್ಷೆ ನಡೆಯುತ್ತದೆ. ಬೆಲ್ಲ ಮತ್ತು ಸುಣ್ಣದಲ್ಲಿ ಆರಿಸುವುದು ಯಾರಿಗಾದರೂ ಬರುತ್ತದೆ. ಬೆಲ್ಲ ಮತ್ತು ಬೆಲ್ಲದಲ್ಲಿ ಆರಿಸಬಲ್ಲವನೇ ಜ್ಞಾನಿ. ಇಷ್ಟು ದೊಡ್ಡ ಮಾತು ನನಗೆ ಹೊಳೆದದ್ದು ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ, ಮತ್ತು ಅದು ಪೂರ್ತಿ ಹೊಳೆದು ಮುಗಿಯುವುದರೊಳಗೆ ಲಿಂಗಸುಗೂರಿನ ಬಸ್ಸು ನನ್ನನ್ನು ಬಿಟ್ಟು ಹೋಗಿತ್ತು.

ಮಸ್ಕಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತೊಟ್ಟಿಲ ಕಾರ್ಡು, ಗೃಹಪ್ರವೇಶ, ಕಡೆಗೆ ಸತ್ತವರ ದಿವಸದ ಕಾರ್ಡು. ಸುತ್ತಲಿನ ಹಳ್ಳಿಗಳಲ್ಲಿ ಯಾರು ಹುಟ್ಟಿದರು, ಯಾರು ಯಾರನ್ನು ಕಟ್ಟಿಕೊಂಡರು, ಯಾರು ತೀರಿಕೊಂಡರು ಎಂಬುದೆಲ್ಲ ಮೊದಲು ನನ್ನ ಪರದೆಯ ಮೇಲೆ ಅಚ್ಚುಕಟ್ಟಾಗಿ ಕೂತು, ಆಮೇಲೆ ಊರಿಗೆ ತಿಳಿಯುತ್ತಿತ್ತು. ಈ ಕಸುಬಿಗೆ ಇರುವುದು ಒಂದೇ ಶಾಸ್ತ್ರ. ಲಗ್ನಪತ್ರಿಕೆಯ ಅಕ್ಷರ ಯಾವ ಬಣ್ಣದಲ್ಲಾದರೂ ಇರಲಿ, ಕರಿ ಇರಬಾರದು. ಕರಿ ಅಕ್ಷರ ದಿವಸದ ಕಾರ್ಡಿಗೆ ಮೀಸಲು. ಅಂಥ ಕಾರ್ಡು ಬಂದರೆ ನಮ್ಮ ಕಡೆ ಹೊಸ್ತಿಲು ದಾಟಿಸುವುದಿಲ್ಲ. ಕಟ್ಟೆಯ ಮೇಲೇ ನಿಂತು ಓದಿ, ಅಲ್ಲೇ ಹರಿದು ಎಸೆದು, ಕೈತೊಳೆದು ಒಳಗೆ ಹೋಗುತ್ತಾರೆ.

ವಳಕಮದಿನ್ನಿ ಕಡೆಯ ರೈತರೊಬ್ಬರು ತಮ್ಮ ಮಗಳ ಲಗ್ನಪತ್ರಿಕೆಗಳನ್ನು ನನ್ನಿಂದ ಒಯ್ದರು. ಒಯ್ದ ಮರುದಿನವೇ ಗಂಟನ್ನು ವಾಪಸ್ ತಂದು ನನ್ನ ಟೇಬಲ್ಲಿನ ಮೇಲೆ ಕುಕ್ಕಿದರು.

"ಏನ್ರಿ, ನನ್ನ ಮಗಳ ಲಗ್ನ ಮಾಡಾಕತ್ತೀನೋ, ದಿವಸ ಮಾಡಾಕತ್ತೀನೋ?"

"ಯಾಕ್ರಿ ಯಜಮಾನ್ರ, ಏನಾತು?"

"ಏನಾತು ಅಂತ ಕೇಳ್ತೀರಿ? ಬೀಗರ ಮನಿಗೆ ಮೊದಲನೇ ಕಾರ್ಡ್ ಕೊಟ್ಟೆ. ಬೀಗರು ಕಟ್ಟಿ ಮ್ಯಾಲ ನಿಂತ ಓದಿದ್ರು, ಒಳಗ ಬಾ ಅನ್ನಲಿಲ್ಲ. ಯಾರು ಹೋದ್ರು ಅಂತ ಕೇಳಿದ್ರು ನನಗ!"

ನಾನು ಒಂದು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದೆ. ನನ್ನ ಕಣ್ಣಿಗೆ ಏನೂ ತಪ್ಪು ಕಾಣಲಿಲ್ಲ. ನಾನು ಹಾಕಿದ್ದು ಕಡುಗೆಂಪು, ಅಂದರೆ ಒಣಗಿದ ಕುಂಕುಮದ ಬಣ್ಣ. ಮತ್ತು ಈಚೆಗೆ ಕಡುಗೆಂಪು ನನಗೆ ಕಾಣುತ್ತಿದ್ದದ್ದೇ ಹೀಗೆ. ಕಂಪ್ಯೂಟರಿನ ಬಣ್ಣದ ಪಟ್ಟಿಯಲ್ಲಿ ಕರಿಯೂ ಕಡುಗೆಂಪೂ ಒಂದರ ಪಕ್ಕ ಒಂದು ಇದ್ದವು. ನಾನು ಒತ್ತಿದ್ದು ಪಕ್ಕದ ಕರಿ ಮನೆಯನ್ನು.

ಹೊಸದಾಗಿ ಅಚ್ಚು ಹಾಕಿಕೊಟ್ಟೆ. ಈ ಸಲ ಬಣ್ಣವನ್ನು ನನ್ನ ಹೆಂಡತಿ ಬೆರಳಿಟ್ಟು ತೋರಿಸಿದಳು. ಆಕೆ ಹೊಲಿಗೆ ಕೆಲಸದವಳು. ಸೀರೆಗೆ ಜಂಪರಿನ ಬಟ್ಟೆ, ಬಟ್ಟೆಗೆ ದಾರ, ದಾರಕ್ಕೆ ಹುಕ್ಕು, ಎಲ್ಲವನ್ನೂ ಬಣ್ಣಕ್ಕೆ ಬಣ್ಣ ಕೂಡಿಸುವುದರಲ್ಲಿ ಅರ್ಧ ಆಯುಷ್ಯ ಕಳೆದವಳು. ಅಂಗಡಿಯ ಪರದೆಯನ್ನು ಒಮ್ಮೆ ನೋಡಿ, "ಈ ಡಬ್ಬಿ ಕಣ್ಣು ಹೋಗ್ಯಾವ್ರಿ. ಚಲೋದೊಂದು ತಗೋರಿ" ಎಂದಳು. ಪಕ್ಕದ ಅಂಗಡಿಯವನೂ ಅದನ್ನೇ ಹೇಳಿದ. ಚಹಾ ತಂದವನೂ ಅದನ್ನೇ ಹೇಳಿದ. ಇಷ್ಟು ಜನ ಸೇರಿ ಅಪವಾದ ಹೊರಿಸಿದರೂ ಮಾನಿಟರ್ ತನ್ನ ಪರವಾಗಿ ಒಂದು ಮಾತೂ ಆಡಲಿಲ್ಲ.

ನಾನೂ ಆಡಲಿಲ್ಲ. ಆಡಬಹುದಾದ ಒಂದು ಮಾತು ನನ್ನ ಹತ್ತಿರ ಇತ್ತು. ಈ ಕಾರ್ಡಿನ ಗಲಾಟೆಗೂ ಮುಂಚೆ ಕನ್ನಡಕದ ನಂಬರ್ ತೆಗೆಸಲು ಹೋದಾಗ ಕಣ್ಣಿನ ಡಾಕ್ಟರು ದೀಪ ಬಿಟ್ಟು ಬಹಳ ಹೊತ್ತು ನೋಡಿ, "ಕಣ್ಣಿನ ಹಿಂದಿನ ನರದ ಮ್ಯಾಲ ನನಗ ಸಂಶಯ ಐತಿ. ಹಂಗಿದ್ರ ಕೆಂಪು ಬಣ್ಣನ ಮೊದಲು ಸಪ್ಪಗಾಗ್ತೈತಿ. ಒಂದು ಪರೀಕ್ಷಾ ಮಾಡಿಸ್ರಿ. ಖರೆ ಆದ್ರ, ಹೋದದ್ದು ವಾಪಸ್ ಬರಂಗಿಲ್ಲ, ಇದ್ದದ್ದು ಉಳಿಸ್ಕೋಬೇಕು" ಎಂದಿದ್ದರು. ಮನೆಗೆ ಬಂದು ಹೆಂಡತಿಗೆ, "ನಂಬರ್ ಹೆಚ್ಚಾಗೈತಂತ" ಎಂದಷ್ಟೇ ಹೇಳಿದ್ದೆ.

ಆದ್ದರಿಂದ ನಾನು ಮಾನಿಟರ್ ಕೊಳ್ಳಲು ಹೊರಟದ್ದು ಮಾನಿಟರಿಗಾಗಿ ಅಲ್ಲ. ಒಳ್ಳೆಯ ಪರದೆಯ ಮುಂದೆ ಕೂತು, ಕಡುಗೆಂಪು ಕಡುಗೆಂಪಾಗಿಯೇ ಕಂಡರೆ, ಕಣ್ಣು ಗಟ್ಟಿ ಇದೆ, ಕಸುಬು ಉಳಿಯಿತು. ಕಾಣದಿದ್ದರೆ ಉಳಿಯಲಿಲ್ಲ. ಡಾಕ್ಟರ ಪರೀಕ್ಷೆಗಿಂತ ಇದು ನನಗೆ ಹಿತವೆನಿಸಿತು. ಮಾನಿಟರ್ ಚೆನ್ನಾಗಿಲ್ಲದಿದ್ದರೆ ಬದಲಿಸಿ ಕೊಡುತ್ತಾರೆ.

ವಿಷಯವನ್ನು ಶ್ರದ್ಧೆಯಿಂದ ಅಧ್ಯಯನ ಮಾಡಿದೆ. ಬಣ್ಣದ ಕೆಲಸಕ್ಕೆ ಐಪಿಎಸ್ ಪರದೆಯೇ ಆಗಬೇಕು, ಅದನ್ನು ಯಾವ ಮೂಲೆಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ ಎಂದು ತಿಳಿಯಿತು. ಮೊಬೈಲಿನಲ್ಲಿ ವಿಡಿಯೋ ಮೇಲೆ ವಿಡಿಯೋ ನೋಡಿ ಕಡೆಗೆ ಎರಡು ಮಾನಿಟರು ಉಳಿಸಿಕೊಂಡೆ. ಎರಡೂ ಇಪ್ಪತ್ನಾಲ್ಕು ಇಂಚು. ಎರಡಕ್ಕೂ ಮೂರು ಕಡೆ ಅಂಚಿಲ್ಲ. ಎರಡೂ ಕಣ್ಣಿಗೆ ತಂಪು. ಒಂದರ ಡಬ್ಬಿಯ ಮೇಲೆ ಗಿಳಿ ಇತ್ತು, ಇನ್ನೊಂದರ ಮೇಲೆ ಬೇರೆ ಜಾತಿಯ ಗಿಳಿ. ಒಂದು ವಿಡಿಯೋದಲ್ಲಿ ಒಬ್ಬ ತರುಣ ಇವೆರಡನ್ನೂ ಎದುರುಬದುರು ಇಟ್ಟು ಅರ್ಧ ತಾಸು ಸಣ್ಣಪುಟ್ಟ ಫರಕ್ ವಿವರಿಸಿ, "ಎರಡೂ ಚೆನ್ನಾಗಿವೆ, ನಿಮ್ಮ ಅಗತ್ಯ ನೋಡಿಕೊಂಡು ತಗೊಳ್ಳಿ" ಎಂದು ಕೈಮುಗಿದ. ನನ್ನ ಅಗತ್ಯ ಏನೆಂದು ಆತನಿಗೆ ಹೇಗೆ ಗೊತ್ತಾಗಬೇಕು.

ಒಂದು ಮಾನಿಟರ್ ಸಿಂಧನೂರಿನ ಅಂಗಡಿಯಲ್ಲಿ ಮಾತ್ರ ಇತ್ತು. ಇನ್ನೊಂದು ಲಿಂಗಸುಗೂರಿನಲ್ಲಿ ಮಾತ್ರ. ಎರಡರ ನಡುವೆ ಮಸ್ಕಿ, ಮಸ್ಕಿಯಲ್ಲಿ ನಾನು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಭಾಗ್ಯ ನಮ್ಮ ಭೂಗೋಳದಲ್ಲಿ ಇರಲಿಲ್ಲ. ಹಾಗಾಗಿ ಒಂದು ಉಪಾಯ ಮಾಡಿದೆ. ಒಂದು ಚಿತ್ರ ತಯಾರಿಸಿದೆ: ಎಡಕ್ಕೆ ಕಡುಗೆಂಪಿನ ಚೌಕ, ಬಲಕ್ಕೆ ಕರಿ ಚೌಕ, ನಡುವೆ ಬಿಳಿ. ಅದನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಬೆಳಿಗ್ಗೆ ಸಿಂಧನೂರಿಗೆ ಹೋದೆ. ಹೆಂಡತಿಗೆ ಲಿಂಗಸುಗೂರಿನಲ್ಲಿ ಹೊಲಿಗೆಯ ಸಾಮಾನು ಬೇಕಾಗಿತ್ತು. ನಾನು ಸಿಂಧನೂರು ಮುಗಿಸಿ ಅದೇ ದಾರಿಯಲ್ಲಿ ಲಿಂಗಸುಗೂರಿಗೆ ಹೊರಟಾಗ ಆಕೆ ಮಸ್ಕಿಯಲ್ಲಿ ನನ್ನ ಬಸ್ಸನ್ನು ಹತ್ತುವುದೆಂದು ಮಾತಾಗಿತ್ತು.

ಸಿಂಧನೂರಿನ ಅಂಗಡಿಯವರು ಬಹಳ ಉತ್ಸಾಹದ ಮನುಷ್ಯ.

"ಬರ್ರಿ ಸಾರ್, ಈ ಕಡಿ ನಿಂದ್ರಿ. ಆತು? ಈಗ ಆ ಕಡಿ ನಿಂದ್ರಿ. ಏನರ ಫರಕ್ ಐತೇನು?"

"ಇಲ್ರಿ."

"ಈಗ ಕುಂದ್ರಿ. ಈಗ?"

"ಇಲ್ರಿ."

"ಅದಕ್ಕ ಐಪಿಎಸ್ ಅನ್ನೋದು!"

ನಿಂತು, ಕೂತು, ಬಗ್ಗಿ, ಬಾಗಿಲ ಹೊರಗಿನಿಂದ ಹಣಿಕಿ, ಎಲ್ಲ ಕೋನಗಳಿಂದಲೂ ನೋಡಿದೆ. ಎಡದ ಚೌಕ ಒಂದಿಷ್ಟು ಕೆಂಪಾಗಿ ಕಂಡಿತು. ನನ್ನ ಎದೆ ಹಗುರಾಯಿತು. ಆದರೆ ಎಡದ್ದು ಕೆಂಪೆಂದು ನನಗೆ ಮೊದಲೇ ಗೊತ್ತಿತ್ತಲ್ಲ; ಗೊತ್ತಿದ್ದದ್ದನ್ನು ಕಣ್ಣು ತಾನೇ ಕಂಡುಹಿಡಿದ ಹಾಗೆ ನಾಟಕ ಮಾಡುತ್ತಿದೆಯೇನೋ ಎಂಬ ಹುಳವೊಂದು ತಲೆಯೊಳಗೆ ಹೊಕ್ಕಿತು. "ಇನ್ನೊಂದು ನೋಡಿ ಬರ್ತೀನಿ" ಎಂದು ಹೊರಬಿದ್ದೆ.

ಇನ್ನೊಂದನ್ನು ನೋಡುವ ತನಕ ಈ ಕೆಂಪನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕಿತ್ತು. ದಾರಿಯುದ್ದಕ್ಕೂ ಹಸಿರು ಗದ್ದೆ, ಬೋರ್ಡು, ಲಾರಿಯ ಹಿಂದಿನ ಚಿತ್ರಗಳು. ಇವನ್ನೆಲ್ಲ ನೋಡಿದರೆ ನೆನಪಿನ ಕೆಂಪು ಕಲಬೆರಕೆ ಆದೀತು. ಜ್ಞಾನ ಹೊಳೆಯುತ್ತ ಮೊದಲ ಬಸ್ಸು ತಪ್ಪಿದ್ದರಿಂದ ಎರಡನೇ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತು, ಟವೆಲ್ಲಿನಿಂದ ಮುಖ ಮುಚ್ಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿದೆ. ಪಕ್ಕದ ಮುದುಕರು, "ಹೆಚ್ಚೇನು ಕುಡಿದಿಲ್ಲ, ಪಾಪ" ಎಂದು ಕಂಡಕ್ಟರಿಗೆ ನನ್ನ ಪರವಾಗಿ ಹೇಳಿದರು.

ಮಸ್ಕಿಯಲ್ಲಿ ಹೆಂಡತಿ ಹತ್ತಿದಳು.

"ಏನ್ರೀ ಇದು? ಯಾರಿಗೆ ಮಾರಿ ತೋರಸಬಾರದಂತ ಹಿಂಗ ಕುಂತೀರಿ?"

"ಮಾತಾಡಸಬ್ಯಾಡ. ಬಣ್ಣ ಹಿಡಕೊಂಡು ಹೊಂಟೀನಿ."

"ಹೌದಾ. ಜ್ವಾಕಿ, ಬಸ್ಸು ಕುಣಿತೈತಿ, ಚೆಲ್ಲೀತು."

ಮುದುಕರು ಎದ್ದು ಆಕೆಗೆ ಜಾಗ ಕೊಟ್ಟರು. ಆಕೆಯ ಕಷ್ಟದ ಬಗ್ಗೆ ಅವರಿಗೆ ಮರುಕ ಬಂದಿರಬೇಕು.

ಲಿಂಗಸುಗೂರಿನ ಅಂಗಡಿಯವರು ವಯಸ್ಸಾದವರು, ಯಾವುದರ ಬಗೆಗೂ ಉತ್ಸಾಹ ಉಳಿಸಿಕೊಂಡವರಲ್ಲ. "ಫರಕ್ ಏನಿಲ್ರಿ ಸಾಹೇಬ್ರ. ಗಾಜು ಒಂದ, ಒಳಗಿನ ಮಾಲು ಒಂದ. ಹೆಸರು ಅಷ್ಟ ಬ್ಯಾರೆ" ಎನ್ನುತ್ತಲೇ ಪೆನ್ ಡ್ರೈವ್ ಚುಚ್ಚಿ ನನ್ನ ಚಿತ್ರ ತೆರೆದರು. ಎಡಕ್ಕೆ ಕೆಂಪು, ಬಲಕ್ಕೆ ಕರಿ. ಸಿಂಧನೂರಿನ ಕೆಂಪಿಗೆ ಇದನ್ನು ಹೋಲಿಸಬೇಕೆಂದು ನಾನು ಕಣ್ಣು ಮುಚ್ಚಿ, ಬಸ್ಸಿನಲ್ಲಿ ಹೊತ್ತು ತಂದದ್ದನ್ನು ಎದುರಿಗೆ ತಂದುಕೊಳ್ಳತೊಡಗಿದೆ. ಸ್ವಲ್ಪ ಹೊತ್ತೇ ಹಿಡಿಯಿತು.

ಅಷ್ಟರೊಳಗೆ ಅಂಗಡಿಯವರು ತಮ್ಮ ಮಾಲಿನಲ್ಲಿ ಇದ್ದ ಒಂದೇ ಒಂದು ವಿಶೇಷವನ್ನು ತೋರಿಸುವ ಮನಸ್ಸು ಮಾಡಿದ್ದರು. ಆ ಮಾನಿಟರು ತನ್ನ ಕಾಲಿನ ಮೇಲೆ ತಿರುಗುತ್ತಿತ್ತು. ಅಡ್ಡ ಇದ್ದದ್ದನ್ನು ಉದ್ದಕ್ಕೆ ನಿಲ್ಲಿಸಬಹುದಾಗಿತ್ತು. ನಾನು ಕಣ್ಣು ಬಿಟ್ಟಾಗ ಪರದೆ ಉದ್ದಕ್ಕೆ ನಿಂತಿತ್ತು. ಒಂದು ಚೌಕ ಮೇಲೆ, ಒಂದು ಕೆಳಗೆ.

ಎಡ ಯಾವುದು ಬಲ ಯಾವುದು ಎಂಬುದು ನನಗೆ ಬಾಯಿಪಾಠವಾಗಿತ್ತು. ಮೇಲೆ ಕೆಳಗೆ ಎಂಬ ಪಾಠ ಆಗಿರಲಿಲ್ಲ. ಎರಡೂ ಚೌಕಗಳನ್ನು ನೋಡಿದೆ. ಇನ್ನೊಮ್ಮೆ ನೋಡಿದೆ. ಅಂಗಡಿಯವರು ಕಾಯುತ್ತಿದ್ದರು. ಹೆಂಡತಿ ಕಾಯುತ್ತಿದ್ದಳು. ಏನಾದರೂ ಹೇಳಬೇಕಲ್ಲ.

"ಕೆಂಪು ಚಲೋ ಐತ್ರಿ" ಎಂದೆ. "ಮ್ಯಾಲಿಂದು. ಸಿಂಧನೂರಿನಕಿಂತ ಒಂಚೂರು ಗಾಢ ಐತಿ."

ಅಂಗಡಿಯವರು ಪರದೆ ನೋಡಿದರು, ನನ್ನನ್ನು ನೋಡಿದರು, ಆಮೇಲೆ ತಮ್ಮ ಮೊಬೈಲು ನೋಡತೊಡಗಿದರು.

"ಮ್ಯಾಲಿಂದು ಕರೀದ್ರಿ" ಎಂದಳು ಹೆಂಡತಿ, ನಗುತ್ತ. ಚ್ಯಾಷ್ಟಿ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ನಾನು ನಗದೆ ಇದ್ದಾಗ ಆಕೆಯ ನಗೆಯೂ ನಿಂತಿತು. ಚೀಲದಿಂದ ಎರಡು ಬಟ್ಟೆಯ ತುಂಡು ತೆಗೆದು ನನ್ನ ಮುಂದೆ ಹಿಡಿದಳು.

"ಇದ್ಯಾವ ಬಣ್ಣ?"

"ಕರಿ."

"ಇದು?"

"ಅದೂ… ಅದ ಅಲ್ಲ?"

ಆಕೆ ತುಂಡುಗಳನ್ನು ಮಡಚಿ ಚೀಲದೊಳಗೆ ಇಟ್ಟುಕೊಂಡಳು. ಮಡಚುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಳು.

"ಹೊರಗಿನ ಬೆಳಕು ಬಿದ್ದು ಹಂಗ ಕಾಣಸ್ತೈತ್ರಿ ಅಮ್ಮಾರ" ಎಂದರು ಅಂಗಡಿಯವರು. ಮೂವರಲ್ಲಿ ಯಾರಿಗೂ ಉಪಯೋಗವಿಲ್ಲದಿದ್ದರೂ ಅದು ಒಳ್ಳೆಯ ಮಾತು.

"ಕಣ್ಣಿನ ಡಾಕ್ಟರು ಖರೇನ ಏನಂದಿದ್ರು?" ಹೆಂಡತಿ ಮೆಲ್ಲಗೆ ಕೇಳಿದಳು.

ಹೇಳಿದೆ.

"ಅದಕ್ಕ ಪರೀಕ್ಷಾ ಮಾಡಸೋದು ಬಿಟ್ಟು ಟೀವಿ ತಗೊಳ್ಳಾಕ ಬಂದೀರಿ."

"ಟೀವಿ ಅಲ್ಲ, ಮಾನಿಟರ್."

"ಸುಮ್ಕ ಕುಂದ್ರೋ!" ಆಕೆ ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅಂಗಡಿಯವರು ಚಹಾ ಹೇಳುವ ನೆಪ ಮಾಡಿ ಹೊರಗೆ ಹೋದರು.

ಬಹಳ ಹೊತ್ತು ಇಬ್ಬರೂ ಆ ಪರದೆಯ ಎದುರು ಕೂತಿದ್ದೆವು. ಅದರ ಮೇಲೆ ನನ್ನ ಎರಡು ಚೌಕಗಳು ಹಾಗೇ ಇದ್ದವು. ಒಂದು ಹಂತದಲ್ಲಿ ಮೇಲಿನದು ಬೇರೆಯಾಗಿ ಕಂಡಂತಾಯಿತು. ರೆಪ್ಪೆ ಬಡಿದೆ, ಮತ್ತೆ ಒಂದೇ ಆಯಿತು. ಆ ವಿಡಿಯೋದ ತರುಣ ಅರ್ಧ ತಾಸು ಹೆಣಗಿ ಎರಡು ಮಾನಿಟರುಗಳ ನಡುವೆ ಫರಕ್ ಕಂಡುಹಿಡಿದಿದ್ದ. ನನಗೆ ಎರಡು ಊರು ತಿರುಗಿದರೂ ಕರಿ ಮತ್ತು ಕೆಂಪಿನ ನಡುವೆ ಸಿಗಲಿಲ್ಲ.

ಚಹಾ ಬಂತು. ಕುಡಿದೆವು. ಅಂಗಡಿಯವರು, "ಇದು ಬೇಕೋ, ಸಿಂಧನೂರಿಂದು ಬೇಕೋ?" ಎಂದು ಬಹಳ ಸಂಕೋಚದಿಂದ ಕೇಳಿದರು.

"ನೀ ಹೇಳು" ಎಂದೆ ಹೆಂಡತಿಗೆ.

"ನನಗೇನು ತಿಳೀತೈತಿ. ಸಿಂಧನೂರಿಂದು ನಾ ನೋಡೇ ಇಲ್ಲ."

"ಮತ್ತ?"

"ಇದನ್ನ ಕಟ್ಟಸ್ರಿ. ಮತ್ತ ಆ ಬಸ್ಸಿನ್ಯಾಗ ಕಣ್ಣು ಮುಚ್ಚಿಕೊಂಡು ಕೂಡೋದು ಬ್ಯಾಡ."

ಬೆಲ್ಲ ಮತ್ತು ಬೆಲ್ಲದ ನಡುವಿನ ಆಯ್ಕೆ ಹೀಗೆ ನೆರವೇರಿತು. ವಾಪಸ್ ಬರುವಾಗ ಆಕೆ ಕಿಟಕಿಯ ಕಡೆ ಕೂತಳು. ಡಬ್ಬಿ ನನ್ನ ತೊಡೆಯ ಮೇಲಿತ್ತು. ಎಷ್ಟೋ ದೂರ ಬಂದ ಮೇಲೆ, ಡಬ್ಬಿಯ ಮೇಲಿನ ಗಿಳಿಯನ್ನು ತೋರಿಸಿ, "ಇದರ ಕೊಕ್ಕು?" ಎಂದು ಕೇಳಿದಳು. ಗಿಳಿಯ ಕೊಕ್ಕು ಕೆಂಪಿರುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ. "ಕೆಂಪು" ಎಂದೆ. ಆಕೆ ಡಬ್ಬಿಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಸರಿಯೋ ತಪ್ಪೋ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ.

ಕೆಲವು ತಿಂಗಳು ಇಬ್ಬರೂ ಕೂಡಿ ಕೆಲಸ ಮಾಡಿ ನೋಡಿದೆವು. ನಾನು ಅಕ್ಷರ ಒತ್ತುವುದು, ಆಕೆ ಹೊಲಿಗೆ ಮೆಷಿನ್ ಬಿಟ್ಟು ಬಂದು ಬಣ್ಣ ಹೇಳುವುದು. ಲಗ್ನದ ಸೀಜನ್ನಿನಲ್ಲಿ ಜಂಪರಿನ ಗಿರಾಕಿಗಳೂ ಕಾರ್ಡಿನ ಗಿರಾಕಿಗಳೂ ಒಟ್ಟಿಗೇ ಬರುತ್ತಾರೆ. ಆಕೆ ಎರಡು ಕಡೆ ಇರಲು ಆಗಲಿಲ್ಲ. ಕಾರ್ಡಿನ ಗಿರಾಕಿಗಳಿಗೂ ಸುದ್ದಿ ಮುಟ್ಟಿತ್ತು. ಬಂದವರು ಮಾತಿನ ನಡುವೆ, "ಬಣ್ಣ ಅಮ್ಮಾರು ನೋಡ್ತಾರಲ್ಲ?" ಎಂದು ಗೌರವದಿಂದಲೇ ಕೇಳುತ್ತಿದ್ದರು. ಆಮೇಲಾಮೇಲೆ ನನ್ನ ಕಣ್ಣಿಗೆ ಅಕ್ಷರಗಳ ಒತ್ತುಗಳೂ ಕಲಸಿಕೊಳ್ಳತೊಡಗಿದವು. ಪರದೆ ಮಾತ್ರ ಯಾವ ಮೂಲೆಯಿಂದ ನೋಡಿದರೂ ಒಂದೇ ಥರ ಕಾಣುತ್ತಿತ್ತು.

ಡಾಕ್ಟರು ಹೇಳಿದ ಪರೀಕ್ಷೆಯನ್ನು ಈ ನಡುವೆ ಮಾಡಿಸಿದೆವು. ಎರಡೂ ಕಣ್ಣಿನ ನರ ಸೊರಗಿವೆ. ಹನಿ ಔಷಧ ದಿನಾ ಹಾಕಿಕೊಳ್ಳುತ್ತೇನೆ. ಅಂಗಡಿಯಲ್ಲಿ ಈಗ ಕಾರ್ಡಿನ ಕೆಲಸ ಇಲ್ಲ, ಝೆರಾಕ್ಸ್ ಮಾತ್ರ ಮಾಡುತ್ತೇವೆ.