ಕೆಸರು ಕಾಯುವವಳು
ಜಾವಗಲ್ಲಿನ ಬಸಮ್ಮನ ಮಗಳು ಪುಷ್ಪಲತಾಗೆ ಕರಾವಳಿಯಲ್ಲಿ ವಿಹಾರದೋಣಿಗಳ ಬಂದರು ಕಟ್ಟುವಲ್ಲಿ ಕೆಲಸ. ಹೂಳೆತ್ತುವಾಗ ಎದ್ದ ಕೆಸರು ಮೀನು ಮರಿಮಾಡುವ ಕಡೆಗೆ ಹರಡದಂತೆ ನೋಡಿಕೊಳ್ಳಬೇಕು. ರಜೆಗೆ ಊರಿಗೆ ಬಂದರೂ ಲೋಟದ ನೀರನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಾಳೆ. ಅಕ್ಕಿ ತೊಳೆದ ನೀರು ತಿಳಿಯಾಗದೆ ಮೋರಿಗೆ ಚೆಲ್ಲಲು ಬಿಡುವುದಿಲ್ಲ. ಮೊನ್ನೆ ಮ್ಯಾನೇಜರ್ ಫೋನ್ ಮಾಡಿ, “ಕೆಸರು ತಡೆಯೋಕೆ ನೀರಲ್ಲಿ ಇಳಿಬಿಟ್ಟಿರೋ ಪರದೆ ಒಂಚೂರು ಹರಿದಿದೆ ಮೇಡಂ, ಕೆಲಸ ನಡೀಲಿ” ಎಂದರು. “ಹೊಲಿಯೋವರೆಗೂ ಯಂತ್ರ ನಿಲ್ಲಿಸಿ ಸಾರ್” ಎಂದಳು, ಸಾರಿಗೆ ಒಗ್ಗರಣೆ ಹಾಕುತ್ತಾ. ಬೇರೆಯವರನ್ನು ನೇಮಿಸಿಕೊಳ್ಳುತ್ತೇವೆ ಎಂದು ಅವರು ಹೆದರಿಸಿದರೂ ಇವಳ ದನಿ ಏರಲಿಲ್ಲ. ಯಂತ್ರ ನಿಂತಿತು, ಪರದೆಯ ಹೊಲಿಗೆ ನೋಡಿಕೊಳ್ಳಲು ಹೊರಡಬೇಕಾಗಿ ಇವಳ ರಜೆಯೂ ಅಲ್ಲಿಗೆ ಮುಗಿಯಿತು. ಬಟ್ಟೆ ಮಡಚಿ ಕೊಡುತ್ತಾ ಬಸಮ್ಮ, “ನಿಂಗೆ ಈಜು ಬರಾಕಿಲ್ವಲ್ಲೇ, ಆ ಪರದೆ ತಾವ ಯಾರು ಹೋಯ್ತಾರೆ?” ಎಂದಳು. “ನಾನೇ ಕಣಮ್ಮ. ದೋಣಿ ಅಂಚು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ.”